ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಧರ್ಮಸಭೆ

2012ರ ಡಿಸೆಂಬರ್‌ನಲ್ಲಿ ಜರ್ಮನಿಯ ಕಲೋನ್ ನಗರದ ಯುವತಿಯೊಬ್ಬಳು ತಾಯಿಯ ಜೊತೆ ತುರ್ತು ಚಿಕಿತ್ಸಾಲಯಕ್ಕೆ ಬಂದಳು. ಹಿಂದಿನ ದಿನ ಪಾರ್ಟಿಗೆ ಹೋದದ್ದು ಅವಳಿಗೆ ನೆನಪಿತ್ತು. ಎಚ್ಚರವಾದಾಗ ಮಲಗಿದ್ದದ್ದು ಉದ್ಯಾನದ ಬೆಂಚಿನ ಮೇಲೆ. ನಡುವೆ ನಡೆದದ್ದೇನೂ ಗೊತ್ತಿಲ್ಲ. ಯಾರೋ ಮತ್ತಿನ ಔಷಧ ಕುಡಿಸಿ ಅತ್ಯಾಚಾರ ಮಾಡಿರಬೇಕು ಎಂದು ವೈದ್ಯೆಗೆ ಅನುಮಾನ ಬಂತು. ಆಕೆ ತುರ್ತು ಗರ್ಭನಿರೋಧಕ ಮಾತ್ರೆಗೆ ಚೀಟಿ ಬರೆದುಕೊಟ್ಟರು. ಇನ್ನು ಉಳಿದದ್ದು ಪೊಲೀಸರಿಗೆ ಬೇಕಾದ ಸಾಕ್ಷ್ಯ ಸಂಗ್ರಹದ ತಪಾಸಣೆ. ಅದಕ್ಕೆ ಸ್ತ್ರೀರೋಗ ವಿಭಾಗ ಇರುವ ಆಸ್ಪತ್ರೆಯೇ ಆಗಬೇಕು. ಪಕ್ಕದ ಕ್ಯಾಥೊಲಿಕ್ ಆಸ್ಪತ್ರೆಯನ್ನು ಕೇಳಿದರೆ ಆಗುವುದಿಲ್ಲ ಎಂದರು. ಇನ್ನೊಂದು ಕ್ಯಾಥೊಲಿಕ್ ಆಸ್ಪತ್ರೆಯಿಂದಲೂ ಅದೇ ಉತ್ತರ. ಕೊನೆಗೆ ಅವಳನ್ನು ಒಳಗೆ ಸೇರಿಸಿಕೊಂಡದ್ದು ಪ್ರೊಟೆಸ್ಟೆಂಟರ ಆಸ್ಪತ್ರೆ.

ಆ ಹುಡುಗಿ ಆ ಎರಡು ಆಸ್ಪತ್ರೆಗಳಲ್ಲಿ ಮಾತ್ರೆಯನ್ನೇ ಕೇಳಿರಲಿಲ್ಲ. ಮಾತ್ರೆಯ ಚೀಟಿ ಆಗಲೇ ಅವಳ ಕೈಯಲ್ಲಿತ್ತು. ಆದರೆ ಇಂಥ ತಪಾಸಣೆಗೆ ಒಪ್ಪಿದರೆ ಮಾತ್ರೆಯ ಮಾತೂ ಬರುತ್ತದೆ, ಮುಂದೆ ಗರ್ಭಪಾತದ ಮಾತೂ ಬರಬಹುದು. ನಿಯಮ ಮೀರಿದ ಆಪಾದನೆ ಬಂದು ಕೆಲಸಕ್ಕೇ ಕುತ್ತಾದೀತೆಂಬ ಅಂಜಿಕೆ ಅಲ್ಲಿನ ವೈದ್ಯರಿಗಿತ್ತೆಂದು ವರದಿಗಳು ಹೇಳಿದವು. ಜನವರಿಯಲ್ಲಿ ಸ್ಥಳೀಯ ಪತ್ರಿಕೆ ಈ ಸುದ್ದಿ ಪ್ರಕಟಿಸಿದಾಗ ಇಡೀ ಜರ್ಮನಿ ಕೆರಳಿತು. ತಪಾಸಣೆಯನ್ನು ನಿರಾಕರಿಸಿ ಎಂದು ನಾವು ಯಾರಿಗೂ ಹೇಳಿರಲಿಲ್ಲ ಎಂದಿತು ಕಲೋನ್‌ನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ. ಅದು ನಿಜವೇ. ಅತ್ಯಾಚಾರಕ್ಕೊಳಗಾದ ಹೆಣ್ಣನ್ನು ಪರೀಕ್ಷಿಸಬಾರದೆಂದು ಧರ್ಮಸಭೆಯ ಯಾವ ಬೋಧನೆಯಲ್ಲೂ ಇಲ್ಲ. ಬೋಧನೆಯಲ್ಲಿ ಇಲ್ಲದ್ದನ್ನು ಅಂಜಿಕೆ ಮಾಡಿಸಿತ್ತು.

ಆಗ ಕಲೋನ್‌ನ ಮಹಾಧರ್ಮಾಧ್ಯಕ್ಷರಾಗಿದ್ದವರು ಕಾರ್ಡಿನಲ್ ಯೋಆಕಿಂ ಮೈಸ್ನರ್. ಜರ್ಮನಿಯ ಬಿಷಪ್ಪರಲ್ಲೇ ಕಟ್ಟಾ ಸಂಪ್ರದಾಯವಾದಿ ಎಂದು ಹೆಸರಾದವರು. ಆ ದೇಶದಲ್ಲಿ ಗರ್ಭಪಾತ ಬಯಸುವ ಹೆಣ್ಣು ಮೊದಲು ಆಪ್ತಸಲಹೆ ಪಡೆದು ಪ್ರಮಾಣಪತ್ರ ತರಬೇಕು. ಕ್ಯಾಥೊಲಿಕ್ ಸಲಹಾ ಕೇಂದ್ರಗಳೂ ಆ ಪತ್ರ ಕೊಡುತ್ತಿದ್ದವು. ಕೊಡಬೇಡಿ ಎಂದು ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ ಹೇಳಿದಾಗ ಹಲವು ಬಿಷಪ್ಪರು ಸಂಕಟಪಟ್ಟರು. ಮೈಸ್ನರ್ ಪೋಪರ ಜೊತೆ ಗಟ್ಟಿಯಾಗಿ ನಿಂತರು. ಅಂಥವರು ಕಲೋನ್‌ನ ಘಟನೆ ನಾಚಿಕೆಗೇಡು ಎಂದು ಕ್ಷಮೆ ಕೋರಿದರು. ಅಷ್ಟಕ್ಕೇ ನಿಲ್ಲದೆ ವಿಜ್ಞಾನಿಗಳನ್ನು ಕೇಳಿ ತಿಳಿದುಕೊಂಡರು. 2013ರ ಜನವರಿ 31ರಂದು ಹೊರಬಂದ ಅವರ ಹೇಳಿಕೆ ಹೀಗಿತ್ತು: ಫಲೀಕರಣವನ್ನು ತಡೆಯುವ ಉದ್ದೇಶದಿಂದ, ಹಾಗೆ ಮಾತ್ರ ಕೆಲಸ ಮಾಡುವ ಔಷಧವನ್ನು ಅತ್ಯಾಚಾರಕ್ಕೊಳಗಾದವಳಿಗೆ ಕೊಡುವುದು ಒಪ್ಪತಕ್ಕದ್ದು. ಮುಂದಿನ ತಿಂಗಳು ಟ್ರಿಯರ್‌ನಲ್ಲಿ ಸೇರಿದ ಜರ್ಮನ್ ಬಿಷಪ್ಪರ ಸಮ್ಮೇಳನ ಇದನ್ನು ಇಡೀ ದೇಶದ ಕ್ಯಾಥೊಲಿಕ್ ಆಸ್ಪತ್ರೆಗಳಿಗೆ ಅನ್ವಯಿಸಿತು.

ಸಿದ್ಧಾಂತ ಬದಲಾಯಿತೇ ಎಂದರೆ ಇಲ್ಲ. ಬದಲಾದದ್ದು ಮಾತ್ರೆಯ ಬಗೆಗಿನ ತಿಳಿವಳಿಕೆ. ಈ ವಿಷಯದಲ್ಲಿ ಕ್ಯಾಥೊಲಿಕರ ಮಾತು ಅರ್ಥವಾಗಬೇಕಾದರೆ ಹೆಣ್ಣಿನ ದೇಹದೊಳಗಿನ ಕೆಲವು ದಿನಗಳ ಲೆಕ್ಕ ಗೊತ್ತಿರಬೇಕು. ವೀರ್ಯಾಣು ಅವಳ ದೇಹದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲದು. ಅಂಡಾಶಯದಿಂದ ಹೊರಬಂದ ಅಂಡಾಣುವಿನ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಅಂದರೆ ಸಂಭೋಗ ನಡೆದ ದಿನವೇ ಗರ್ಭ ಕಟ್ಟಬೇಕೆಂದಿಲ್ಲ. ವೀರ್ಯಾಣುಗಳು ಅಂಡಾಣುವಿಗಾಗಿ ಕಾಯುತ್ತಿರಬಹುದು. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆ ಕೆಲಸ ಮಾಡುವುದು ಈ ಕಾಯುವ ಅವಧಿಯಲ್ಲಿ. 72 ಗಂಟೆಯೊಳಗೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಅದು ಅಂಡಾಣುವಿನ ಬಿಡುಗಡೆಯನ್ನೇ ಮುಂದೂಡುತ್ತದೆ. ಅಷ್ಟರಲ್ಲಿ ವೀರ್ಯಾಣುಗಳು ಸಾಯುತ್ತವೆ, ಗರ್ಭ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಅಂಡಾಣು ಆಗಲೇ ಹೊರಬಿದ್ದಿದ್ದರೆ ಮಾತ್ರೆ ನುಂಗಿಯೂ ಹೆಚ್ಚು ಪ್ರಯೋಜನವಿಲ್ಲ. ಕಟ್ಟಿದ ಗರ್ಭವನ್ನಂತೂ ಇದು ಅಲುಗಿಸದು. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಬೇರೆಯೇ ಔಷಧ. ಎರಡನ್ನೂ ಒಂದೇ ಎಂದುಕೊಂಡವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ, ಕ್ಯಾಥೊಲಿಕರೇ ಆಗಬೇಕಿಲ್ಲ.

ಹಿಂದೆ ಧರ್ಮಸಭೆಗಿದ್ದ ಆತಂಕಕ್ಕೆ ಕಾರಣವೂ ಇತ್ತು. ಫಲಿತಗೊಂಡ ಅಂಡಾಣು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುವುದನ್ನೂ ಈ ಮಾತ್ರೆ ತಡೆಯಬಹುದು ಎಂದು ಔಷಧದ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತಿತ್ತು. ಫಲೀಕರಣದ ಕ್ಷಣದಿಂದಲೇ ಮನುಷ್ಯಜೀವವನ್ನು ಮನುಷ್ಯನೆಂದೇ ಗೌರವಿಸಬೇಕು ಎಂಬುದು ರೋಮ್‌ನ ನಿಲುವು. ಹಾಗಿರುವಾಗ ಅಂಟುವುದನ್ನು ತಡೆದರೆ ಅದು ಅವರ ಲೆಕ್ಕದಲ್ಲಿ ಗರ್ಭಪಾತವೇ. 2000ದಲ್ಲಿ ವ್ಯಾಟಿಕನ್‌ನ ಜೀವನ ಅಕಾಡೆಮಿಯೂ 2008ರ ‘ದಿಗ್ನಿತಾಸ್ ಪೆರ್ಸೋನೆ’ ಎಂಬ ಸೂಚನಾಪತ್ರವೂ ಹೇಳಿದ್ದು ಇದನ್ನೇ. ಆಮೇಲಿನ ಸಂಶೋಧನೆಗಳು ಆ ಶಂಕೆಗೆ ಆಧಾರ ಸಾಲದೆಂದು ತೋರಿಸುತ್ತ ಬಂದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ‘ಪ್ಲಾನ್ ಬಿ’ ಪೊಟ್ಟಣದ ಮೇಲಿನ ಆ ಒಕ್ಕಣೆಯನ್ನು ತೆಗೆಸಿತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. 1968ರ ‘ಹ್ಯುಮಾನೆ ವಿಟೆ’ ಪತ್ರದಲ್ಲಿ ಪೋಪ್ ಆರನೇ ಪಾಲ್ ಕೃತಕ ಗರ್ಭನಿರೋಧವನ್ನೇ ನಿಷೇಧಿಸಿದ್ದರಲ್ಲ, ಈ ಮಾತ್ರೆಗೆ ಒಪ್ಪಿಗೆ ಹೇಗೆ? ಇಲ್ಲಿ ಕ್ಯಾಥೊಲಿಕ್ ನೀತಿಶಾಸ್ತ್ರದ ತರ್ಕ ತುಂಬ ಹರಿತವಾಗಿದೆ. ಆ ನಿಷೇಧ ದಂಪತಿಗಳು ಇಚ್ಛೆಯಿಂದ ಕೂಡುವುದಕ್ಕೆ ಸಂಬಂಧಿಸಿದ್ದು. ಅತ್ಯಾಚಾರ ಕೂಡುವಿಕೆಯಲ್ಲ, ಆಕ್ರಮಣ. ಆಕ್ರಮಣಕಾರ ಓಡಿಹೋದ ಮೇಲೂ ಅವಳ ದೇಹದೊಳಗೆ ಆ ಆಕ್ರಮಣ ಮುಂದುವರಿದಿರುತ್ತದೆ. ಅದನ್ನು ತಡೆಯುವುದು ಆತ್ಮರಕ್ಷಣೆ. 1960ರ ದಶಕದ ಆರಂಭದಲ್ಲಿ ಕಾಂಗೋದ ಗಲಭೆಯ ನಡುವೆ ಧರ್ಮಭಗಿನಿಯರ ಮೇಲೆ ಅತ್ಯಾಚಾರದ ಅಪಾಯ ಎದುರಾದಾಗ ಅವರು ಮುಂಚಿತವಾಗಿ ಗರ್ಭನಿರೋಧಕ ಬಳಸಬಹುದೇ ಎಂಬ ಪ್ರಶ್ನೆ ಬಂತು. ಬಳಸಬಹುದು ಎಂದು ರೋಮ್‌ನ ಮೂವರು ನೀತಿಶಾಸ್ತ್ರಜ್ಞರು 1961ರಲ್ಲಿ ಬರೆದರು. ಅಮೆರಿಕದ ಬಿಷಪ್ಪರು ಆಸ್ಪತ್ರೆಗಳಿಗಾಗಿ ರೂಪಿಸಿದ ನಿರ್ದೇಶನಗಳಲ್ಲಿ 36ನೆಯದು ಇದನ್ನೇ ನಿಯಮವಾಗಿಸಿದೆ: ಗರ್ಭ ಕಟ್ಟಿದ ಸೂಚನೆ ಇಲ್ಲದಿದ್ದರೆ ಅಂಡಾಣುವಿನ ಬಿಡುಗಡೆಯನ್ನೋ ಫಲೀಕರಣವನ್ನೋ ತಡೆಯುವ ಔಷಧ ಕೊಡಬಹುದು.

ಆ ‘ಸೂಚನೆ’ಯನ್ನು ಕಂಡುಹಿಡಿಯುವುದು ಹೇಗೆ ಎಂಬುದರಲ್ಲಿ ಮಾತ್ರ ಈಗಲೂ ಜಗಳವಿದೆ. ಗರ್ಭಪರೀಕ್ಷೆಯೊಂದೇ ಸಾಕೆನ್ನುವವರಿದ್ದಾರೆ. ಅಂಡೋತ್ಪತ್ತಿಯ ಪರೀಕ್ಷೆಯೂ ಆಗಲೇಬೇಕು, ಹಾರ್ಮೋನು ಏರಿರುವುದು ಕಂಡರೆ ಮಾತ್ರೆ ಕೊಡಕೂಡದು ಎನ್ನುವವರೂ ಇದ್ದಾರೆ. ಎಲ್ಲ ಆಸ್ಪತ್ರೆಗಳೂ ಅತ್ಯಾಚಾರ ಸಂತ್ರಸ್ತರಿಗೆ ಮಾತ್ರೆ ಕೊಡಬೇಕೆಂದು ಕನೆಕ್ಟಿಕಟ್ ರಾಜ್ಯ 2007ರಲ್ಲಿ ಕಾನೂನು ಮಾಡಿದಾಗ ಅಲ್ಲಿನ ಬಿಷಪ್ಪರು ಮೊದಲು ವಿರೋಧಿಸಿದರು. ಮಾತ್ರೆಯ ಕೆಲಸದ ಬಗ್ಗೆಯೇ ಇಷ್ಟು ಸಂದೇಹವಿರುವಾಗ, ಧರ್ಮಸಭೆಯೂ ಅಂತಿಮ ತೀರ್ಪು ಕೊಟ್ಟಿಲ್ಲದಿರುವಾಗ ಅಂಡೋತ್ಪತ್ತಿಯ ಪರೀಕ್ಷೆಗೆ ಹಟ ಹಿಡಿಯುವುದಿಲ್ಲ ಎಂದು ಆಮೇಲೆ ಒಪ್ಪಿದರು. ನನಗೆ ಇದು ಸರಿಯೆನಿಸುತ್ತದೆ. ಸಂದೇಹದ ಲಾಭ ಸಿಗಬೇಕಾದದ್ದು ಗಾಯಗೊಂಡು ಎದುರಿಗೆ ಕೂತವಳಿಗೆ.

ಗರ್ಭಪಾತದ ವಿಚಾರಕ್ಕೆ ಬಂದರೆ ಇಷ್ಟು ಅವಕಾಶವಿಲ್ಲ. ನೇರವಾಗಿ ಉದ್ದೇಶಿಸಿ ಮಾಡಿದ ಗರ್ಭಪಾತ ಯಾವ ಕಾರಣಕ್ಕೂ ಒಪ್ಪಿತವಲ್ಲ, ಅತ್ಯಾಚಾರದಿಂದಾದ ಗರ್ಭವಾದರೂ ಸರಿ. ತಾಯಿಯ ಗಂಭೀರ ಕಾಯಿಲೆಗೆ ತಡಮಾಡಲಾಗದ ಚಿಕಿತ್ಸೆ ಕೊಡುವಾಗ ಭ್ರೂಣ ಸತ್ತರೆ ಅದು ಪಾಪವಲ್ಲ. ಕ್ಯಾನ್ಸರ್ ಆದ ಗರ್ಭಕೋಶವನ್ನು ತೆಗೆಯಬಹುದು. ಆದರೆ ಭ್ರೂಣವನ್ನು ತೆಗೆಯುವುದೇ ಚಿಕಿತ್ಸೆಯಾದಾಗ? 2009ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ನಾಲ್ಕು ಮಕ್ಕಳ ತಾಯಿಯೊಬ್ಬಳು 11 ವಾರಗಳ ಗರ್ಭಿಣಿಯಾಗಿ ಶ್ವಾಸಕೋಶದ ಅಧಿಕ ರಕ್ತದೊತ್ತಡದಿಂದ ಸಾಯುವ ಸ್ಥಿತಿಗೆ ತಲುಪಿದ್ದಳು. ಸೇಂಟ್ ಜೋಸೆಫ್ಸ್ ಆಸ್ಪತ್ರೆಯ ನೀತಿ ಸಮಿತಿಯಲ್ಲಿದ್ದ ಸಿಸ್ಟರ್ ಮಾರ್ಗರೆಟ್ ಮ್ಯಾಕ್‌ಬ್ರೈಡ್ ಗರ್ಭಪಾತಕ್ಕೆ ಸಮ್ಮತಿಸಿದರು. ತಾಯಿ ಉಳಿದಳು. ಸಿಸ್ಟರ್ ಮ್ಯಾಕ್‌ಬ್ರೈಡ್ ಧರ್ಮಬಹಿಷ್ಕಾರಕ್ಕೆ ಒಳಗಾಗಿದ್ದಾರೆ ಎಂದು ಬಿಷಪ್ ಥಾಮಸ್ ಓಮ್‌ಸ್ಟೆಡ್ ಸಾರಿದರು. 2010ರ ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಕ್ಯಾಥೊಲಿಕ್ ಮಾನ್ಯತೆಯನ್ನೂ ಕಿತ್ತುಕೊಂಡರು. ತಾಯಿಯೊಡನೆ ಭ್ರೂಣವೂ ಸಾಯುವುದು ಖಚಿತವಾಗಿದ್ದಾಗ ಒಂದು ಜೀವವನ್ನಾದರೂ ಉಳಿಸಿದ ಆ ಸಿಸ್ಟರ್ ಕಡೆಗೇ ನನ್ನ ಮನಸ್ಸಿದೆ. ಮುಂದೆ ಅವರ ಬಹಿಷ್ಕಾರ ತೆರವಾಯಿತು ಎಂಬುದು ಸಮಾಧಾನದ ಸಂಗತಿ.

ಕನ್ನಡಿಗರಿಗೆ ಈ ವಿಷಯದ ಹೆಸರು ಸವಿತಾ ಹಾಲಪ್ಪನವರ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ, ವಯಸ್ಸು 31, ಹದಿನೇಳು ವಾರಗಳ ಗರ್ಭಿಣಿ. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ ಸೇರಿದಾಗಲೇ ಗರ್ಭ ನಿಲ್ಲುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಾಗಿತ್ತು. ಮರುದಿನ ನಸುಕಿನಲ್ಲಿ ನೀರೊಡೆಯಿತು. ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇತ್ತು, ಕಾನೂನು ಬಿಡುವುದಿಲ್ಲ ಎಂದರು ವೈದ್ಯರು. ಇದು ಕ್ಯಾಥೊಲಿಕ್ ದೇಶ ಎಂಬರ್ಥದ ಮಾತೊಂದನ್ನು ತಾನು ಆಡಿದ್ದಾಗಿ, ನೋಯಿಸಲೆಂದು ಆಡಿರಲಿಲ್ಲವೆಂದು ಸೂಲಗಿತ್ತಿ ನರ್ಸ್ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. 24ರಂದು ಗರ್ಭ ತಾನಾಗಿ ಹೋಯಿತು. ಅಷ್ಟು ಹೊತ್ತಿಗೆ ನಂಜು ರಕ್ತಕ್ಕೇರಿತ್ತು. 28ರಂದು ಸವಿತಾ ತೀರಿಕೊಂಡರು.

ಅದು ಸರ್ಕಾರಿ ಆಸ್ಪತ್ರೆ. ವೈದ್ಯರ ಕೈ ಕಟ್ಟಿದ್ದು 1983ರಲ್ಲಿ ಐರಿಶ್ ಸಂವಿಧಾನಕ್ಕೆ ಸೇರಿದ, ಗರ್ಭಪಾತವನ್ನು ನಿರ್ಬಂಧಿಸಿದ್ದ ಎಂಟನೇ ತಿದ್ದುಪಡಿ. ನಂಜನ್ನು ಸಕಾಲಕ್ಕೆ ಗುರುತಿಸದ ವೈದ್ಯಕೀಯ ಲೋಪಗಳನ್ನೂ ತನಿಖೆಗಳು ಪಟ್ಟಿಮಾಡಿದವು. ಎಲ್ಲ ಹೊಣೆಯನ್ನೂ ಧರ್ಮಸಭೆಯ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಆದರೆ ಆ ತಿದ್ದುಪಡಿಗೆ ಬಿಷಪ್ಪರ ಬಲವಾದ ಬೆಂಬಲವಿತ್ತು ಎಂಬುದೂ ಸತ್ಯ. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತದಾರರು ಅದನ್ನು ಕಿತ್ತುಹಾಕಿದರು. ಮಗಳನ್ನು ನೆನೆದು ಮತ ಹಾಕಿ ಎಂದು ಸವಿತಾ ಅವರ ತಂದೆ ಇಲ್ಲಿಂದಲೇ ಐರಿಶ್ ಜನರನ್ನು ಕೇಳಿಕೊಂಡಿದ್ದರು.

ಗರ್ಭಪಾತಕ್ಕೆ ವಿಧಿಸುವ ದಂಡನೆಯ ವಿಚಾರದಲ್ಲಿ ಧರ್ಮಸಭೆಯ ಸಂಹಿತೆ ಹೊರಗಿನವರು ತಿಳಿದಷ್ಟು ಕುರುಡಲ್ಲ. ಹದಿನಾರು ತುಂಬದವಳಿಗೆ ಶಿಕ್ಷೆ ತಗಲದು. ತೀವ್ರ ಭಯಕ್ಕೆ ಸಿಕ್ಕಿ ಗರ್ಭಪಾತ ಮಾಡಿಸಿಕೊಂಡವಳಿಗೆ ಬಹಿಷ್ಕಾರ ತಾನಾಗಿ ಅಂಟದು. 2016ರಲ್ಲಿ ಪೋಪ್ ಫ್ರಾನ್ಸಿಸ್, ಪಾಪನಿವೇದನೆಗೆ ಬಂದವರಿಗೆ ಈ ಪಾಪವನ್ನೂ ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಕೊಟ್ಟರು.

ಭಾರತದಲ್ಲಿ ಅತ್ಯಾಚಾರಕ್ಕೊಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡುವುದು 2013ರಿಂದ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳ ಕರ್ತವ್ಯ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಲ್ಲಿ ತುರ್ತು ಗರ್ಭನಿರೋಧಕವೂ ಆ ಚಿಕಿತ್ಸೆಯ ಭಾಗ. ಮಂಗಳೂರು, ಬೆಂಗಳೂರಿನ ಕ್ಯಾಥೊಲಿಕ್ ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ. ಟ್ರಿಯರ್‌ನ ನಿರ್ಣಯ ಕೈಗೆಟಕುವಂತಿರುವಾಗ ಈ ಮಾತ್ರೆಗೆ ಧರ್ಮದ ಅಡ್ಡಿಯಿದೆ ಎಂದು ಇಲ್ಲಿ ಯಾರೂ ಹೇಳಬೇಕಾಗಿಲ್ಲ. ಯಾವ ಪರೀಕ್ಷೆ, ಯಾವ ಮಾತ್ರೆ, ಎಷ್ಟು ಗಂಟೆಯೊಳಗೆ, ಕೊಡಲಾಗದಿದ್ದರೆ ಯಾವ ಆಸ್ಪತ್ರೆಗೆ ಯಾರ ಜೊತೆ ಕಳುಹಿಸಬೇಕು ಎಂಬುದನ್ನು ಆಡಳಿತವೇ ಮೊದಲೇ ತೀರ್ಮಾನಿಸಿ, ಕನ್ನಡದಲ್ಲಿ ಬರೆದು, ಕ್ಯಾಷುವಾಲ್ಟಿಯ ಗೋಡೆಗೆ ಹಚ್ಚಬೇಕು. ರಾತ್ರಿ ಪಾಳಿಯ ನರ್ಸ್ ಆಗ ಕೆಲಸ ಹೋದೀತೆಂದು ಹೆದರದೆ ಬಂದವಳನ್ನು ಒಳಗೆ ಕರೆದುಕೊಳ್ಳಬಹುದು.