ಮರೆತುಹೋದ ಠೇವಣಿ, ಅಳಿಯದ ಹಕ್ಕು

ಮನೆಯ ಹಿರಿಯರು ತೀರಿಕೊಂಡ ಬಳಿಕ ಹೊಲಮನೆಯ ಪತ್ರಗಳನ್ನು ಜೋಪಾನವಾಗಿ ತೆಗೆದಿರಿಸುವ ನಾವು, ಹಳೆಯ ಪಾಸ್‌ಬುಕ್ಕುಗಳನ್ನು ರದ್ದಿಯೆಂದು ಕಡೆಗಣಿಸುವುದುಂಟು. ತಾಯಿಯ ಔಷಧೋಪಚಾರಕ್ಕೋ ಮಕ್ಕಳ ವಿದ್ಯಾಭ್ಯಾಸಕ್ಕೋ ಒದಗಬೇಕಾದ ಹಣ ಆ ರದ್ದಿಯಲ್ಲಿಯೇ ಅಡಗಿರಬಹುದು.

ಹತ್ತು ವರ್ಷ ವ್ಯವಹಾರವಿಲ್ಲದ ಉಳಿತಾಯ ಖಾತೆಯ ಹಣವನ್ನೂ, ಅವಧಿ ಮುಗಿದು ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನೂ ಬ್ಯಾಂಕುಗಳು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸುತ್ತವೆ. ಇದರಿಂದ ನಮ್ಮ ಹಕ್ಕು ಅಳಿಯುವುದಿಲ್ಲ. ಖಾತೆದಾರರಾಗಲಿ ವಾರಸುದಾರರಾಗಲಿ ಆಯಾ ಬ್ಯಾಂಕಿಗೇ ಅರ್ಜಿ ಸಲ್ಲಿಸಬೇಕು. ಬ್ಯಾಂಕು ಹಣವನ್ನು ಸಂದಾಯ ಮಾಡಿ, ಬಳಿಕ ನಿಧಿಯಿಂದ ಮರಳಿ ಪಡೆಯುತ್ತದೆ.

ಯಾವ ಬ್ಯಾಂಕಿನಲ್ಲಿ ಖಾತೆಯಿತ್ತೆಂಬುದೇ ತಿಳಿಯದವರಿಗೆ ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಆರಂಭಿಸಿದ ‘ಉದ್ಗಮ್’ ಜಾಲತಾಣವು ಆಸರೆಯಾಗಿದೆ. ಹಲವು ಬ್ಯಾಂಕುಗಳ ಇಂತಹ ಖಾತೆಗಳನ್ನು ಅಲ್ಲಿ ಹುಡುಕಬಹುದು. ಹಣ ಪಡೆಯಲು ಮಾತ್ರ ಬ್ಯಾಂಕಿಗೇ ಹೋಗಬೇಕು.

ಸತತ ಏಳು ವರ್ಷ ಪಡೆಯದ ಷೇರು ಲಾಭಾಂಶವು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತದೆ. ಹತ್ತು ವರ್ಷ ಕೇಳದ ವಿಮಾಹಣವು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿ ಸೇರಿದ 25 ವರ್ಷಗಳೊಳಗೆ ಕೇಳದಿದ್ದರೆ ಅದು ಸರ್ಕಾರದ ಪಾಲಾಗುವುದು.

ಹಣ ಹುಡುಕಿಕೊಡುವೆವೆಂದು ಮುಂಗಡ ಬೇಡುವವರನ್ನು ನಂಬಬಾರದು. ಮರಣಪತ್ರ, ಗುರುತಿನ ಚೀಟಿ, ಪಾಸ್‌ಬುಕ್ಕುಗಳನ್ನು ಒಂದೆಡೆ ಕೂಡಿಸಿಡೋಣ. ಹಿರಿಯರು ಇರುವಾಗಲೇ ಅವರ ಖಾತೆ, ವಿಮೆ, ನಾಮನಿರ್ದೇಶನಗಳ ವಿವರವನ್ನು ಬರೆದಿಡೋಣ. ಅವರು ಬೆವರು ಸುರಿಸಿ ಕೂಡಿಟ್ಟುದು ಮನೆಯವರಿಗೇ ದಕ್ಕಲಿ.