ನಿಮಗಿದು ಗೊತ್ತೆ? ಘಟ್ಟ ಕುಸಿದರೆ ರೈಲಿಗೆ ಕೇರಳದ ಸುತ್ತು!

ಪಶ್ಚಿಮ ಘಟ್ಟದಲ್ಲಿ ಗುಡ್ಡ ಜರಿದರೆ ಬೆಂಗಳೂರಿನಿಂದ ಕರಾವಳಿಗೆ ಹೊರಟ ರೈಲು ತಮಿಳುನಾಡು, ಕೇರಳ ಸುತ್ತಿ ಬರಬೇಕಾಗಬಹುದು. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯವರು ಮಂಗಳೂರಿಗೆ ಹಿಡಿಯುವ ರೈಲುಗಳು ಸಾಮಾನ್ಯವಾಗಿ ಇಳಿಯುವುದು ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯಲ್ಲಿ. ಸುಮಾರು 55 ಕಿ.ಮೀ. ದಾರಿ, 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಕಡಿದಾದ ಕಡೆ ಹಳಿ 50 ಮೀಟರ್‌ಗೆ 1 ಮೀಟರ್ ಇಳಿಯುತ್ತದೆ. ಹಾಗಾಗಿ ಇಲ್ಲಿ ರೈಲಿನ ಓಟ ಬಹಳ ನಿಧಾನ.

2018ರ ಆಗಸ್ಟ್ ಮಳೆಗೆ ಈ ಹಳಿ ಹಲವೆಡೆ ಮಣ್ಣಿನಡಿ ಹೂತುಹೋಯಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಗಿ, ಪ್ರಯಾಣಿಕ ರೈಲುಗಳು ವಾರಕ್ಕೂ ಹೆಚ್ಚು ಕಾಲ ನಿಂತವು. ಆಗ ಬೆಂಗಳೂರು–ಕಣ್ಣೂರು ರೈಲು ಸೇಲಂ, ಪೋತನೂರು, ಶೊರನೂರು ಮೂಲಕ ಓಡಿತು.

ಅಷ್ಟು ದೂರದ ಸುತ್ತು ಏಕೆ? ಪಶ್ಚಿಮ ಘಟ್ಟದ ಗೋಡೆ ಅಗಲವಾಗಿ ಬಿರಿದಿರುವುದು ಈ ಸುತ್ತುದಾರಿಯಲ್ಲಿರುವ ಕೇರಳದ ಪಾಲಕ್ಕಾಡ್‌ನಲ್ಲಿ. ಅಲ್ಲಿ ರೈಲು ಘಟ್ಟ ಇಳಿಯಬೇಕಿಲ್ಲ, ಬಯಲಿನಲ್ಲೇ ದಾಟುತ್ತದೆ.

ಮಳೆಗಾಲದಲ್ಲಿ ಸುಬ್ರಹ್ಮಣ್ಯ ಘಾಟಿಯ ಹಳಿಯನ್ನು ಸಿಬ್ಬಂದಿ ಹಗಲಿರುಳು ನಡೆದೇ ಕಾಯುತ್ತಾರೆ. ಪ್ರಯಾಣಿಕರ ಸುರಕ್ಷತೆ ನಿಂತಿರುವುದು ಅವರ ಮೇಲೆ. ಮಳೆಗಾಲದಲ್ಲಿ ಮನೆ ಬಿಡುವ ಮುನ್ನ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ರೈಲಿನ ಮಾರ್ಗ ವಿಚಾರಿಸಿಕೊಳ್ಳಿ.