ನಿಮ್ಮ ಬೀಸಿಗೆ ತಕ್ಕ ಕ್ಲಬ್

ಗಾಲ್ಫ್ ಚೆಂಡು ಮತ್ತು ಕ್ಲಬ್ಬು ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ. ಅಷ್ಟರೊಳಗೆ 46 ಗ್ರಾಂ ತೂಕದ ಚೆಂಡು ಒತ್ತಿಕೊಂಡು ಚಪ್ಪಟೆಯಾಗಿ, ಮತ್ತೆ ಹಿಗ್ಗಿ, ಕ್ಲಬ್ಬಿನ ಮುಖದಿಂದ ಸಿಡಿದು ಹೊರಟಿರುತ್ತದೆ. ಎರಡೂ ಜೊತೆಯಾಗಿ ಸಾಗುವ ದೂರ ಸುಮಾರು ಎರಡು ಸೆಂಟಿಮೀಟರ್. ಹೊಡೆತದ ಕಂಪನ ಕೈಗೆ ಗೊತ್ತಾಗುವ ಹೊತ್ತಿಗೆ ಚೆಂಡು ಹೋಗಿಯಾಗಿರುತ್ತದೆ. ಆಮೇಲೆ ಆಟಗಾರ ಏನು ಮಾಡಿದರೂ ಅದರ ಹಾದಿ ಬದಲಾಗುವುದಿಲ್ಲ.

ಆ ಕ್ಷಣದಲ್ಲಿ ಚೆಂಡು ಪಡೆದುಕೊಂಡು ಹೋಗುವುದು ಕೆಲವೇ ಸಂಗತಿಗಳನ್ನು: ಎಷ್ಟು ವೇಗ, ಯಾವ ದಿಕ್ಕು, ನೆಲದಿಂದ ಎಷ್ಟು ಮೇಲ್ಮುಖ, ಎಷ್ಟು ತಿರುಗು, ಆ ತಿರುಗಿನ ಅಕ್ಷ ಯಾವ ಕಡೆ ವಾಲಿದೆ. ಇವಿಷ್ಟೂ ನಿರ್ಧಾರವಾಗುವುದು ಆಟಗಾರನ ಬೀಸು ಮತ್ತು ಕ್ಲಬ್ಬಿನ ಆಕಾರ ಎರಡೂ ಸೇರಿ. ಹಾಗಾಗಿ ಒಳ್ಳೆಯ ಕ್ಲಬ್ ಯಾವುದು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾರ ಬೀಸಿಗೆ ಎಂದು ಕೇಳಿದರೆ ಮಾತ್ರ ಉತ್ತರ ಇದೆ, ಅದನ್ನು ಅಳೆಯಲೂ ಬರುತ್ತದೆ. ಇಷ್ಟು ದುಬಾರಿ ಸಲಕರಣೆಯನ್ನು ಜನ ಅಳತೆಯೇ ಇಲ್ಲದೆ, ಟಿವಿಯಲ್ಲಿ ಕಂಡ ಚಾಂಪಿಯನ್ನನ ಕೈಯಲ್ಲಿದ್ದದ್ದು ಎಂಬ ಕಾರಣಕ್ಕೆ ಕೊಳ್ಳುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೊದಲು ವೇಗದ ಮಾತು. ಡ್ರೈವರ್ ಅಂದರೆ ಮೊದಲ ಹೊಡೆತಕ್ಕೆ ಬಳಸುವ ಉದ್ದನೆಯ ಕ್ಲಬ್. ಅದರ ತಲೆಯ ತೂಕ ಸುಮಾರು 200 ಗ್ರಾಂ. ಅದರ ಮುಖದ ಪುಟಿಸುವ ಗುಣಕ್ಕೆ ನಿಯಮವೇ ಮಿತಿ ಹಾಕಿದೆ. ಪೂರ್ತಿ ಪುಟಿತಕ್ಕೆ 1 ಎಂದಿಟ್ಟುಕೊಂಡರೆ 0.83ನ್ನು ಮೀರುವಂತಿಲ್ಲ. ಈ ಎರಡು ಸಂಖ್ಯೆಯನ್ನೂ ಚೆಂಡಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿದರೆ ಚೆಂಡಿನ ವೇಗ ಕ್ಲಬ್ಬಿನ ವೇಗದ ಒಂದೂವರೆ ಪಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬೀಸುವವರ ಚೆಂಡು ಹೆಚ್ಚೆಂದರೆ 180ರ ಆಸುಪಾಸಿನಲ್ಲಿ ಹೊರಡುತ್ತದೆ. ಈ ವರ್ಷದ ಮಾದರಿ ಕಳೆದ ವರ್ಷದ್ದಕ್ಕಿಂತ ಎಷ್ಟೋ ದೂರ ಹೊಡೆಯುತ್ತದೆ ಎಂದು ಅಂಗಡಿಯವರು ಹೇಳಿದಾಗ ಈ ಮಿತಿ ನೆನಪಿರಲಿ.

ಆದರೆ ಒಂದೂವರೆ ಪಟ್ಟು ಸಿಗುವುದು ಮುಖದ ನಡುವಿಗೆ ಬಿದ್ದ ಹೊಡೆತಕ್ಕೆ ಮಾತ್ರ. ನಡು ತಪ್ಪಿದರೆ ತಲೆ ತಿರುಚಿಕೊಳ್ಳುತ್ತದೆ, ವೇಗ ಸೋರಿಹೋಗುತ್ತದೆ. ನಮ್ಮಂಥ ಹವ್ಯಾಸಿಗಳು ನಿಜವಾಗಿ ದೂರ ಕಳೆದುಕೊಳ್ಳುವುದು ಇಲ್ಲೇ. ನಿಮ್ಮ ಹೊಡೆತ ಎಲ್ಲಿ ಬೀಳುತ್ತಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಕ್ಲಬ್ಬಿನ ಮುಖಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ ಹೊಡೆಯಿರಿ, ಚೆಂಡು ತಾಗಿದ ಜಾಗದಲ್ಲಿ ಗುರುತು ಉಳಿಯುತ್ತದೆ. ಹತ್ತು ಹೊಡೆತದ ಗುರುತುಗಳು ಒಂದೇ ಕಡೆ ಗುಂಪಾಗಿವೆಯೋ, ಮುಖದ ತುಂಬ ಚೆದುರಿವೆಯೋ ನೋಡಿ. ಚೆದುರಿದ್ದರೆ ನಿಮಗೆ ಬೇಕಾದದ್ದು ತಪ್ಪನ್ನು ತಾಳಿಕೊಳ್ಳುವ ಕ್ಲಬ್.

ಅಂಥ ಕ್ಲಬ್ಬಿನ ಕಥೆಯಲ್ಲಿ ಒಬ್ಬ ಎಂಜಿನಿಯರ್ ಇದ್ದಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಾರ್ಸ್ಟನ್ ಸೋಲ್‌ಹೈಮ್ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ನಲವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದರು, ಪಟಿಂಗ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ, ಸರಿಹೋಗಲಿಲ್ಲ. 1959ರಲ್ಲಿ ಮನೆಯ ಗ್ಯಾರೇಜಿನಲ್ಲೇ ಹೊಸ ಬಗೆಯ ಪಟರ್ ಮಾಡಿದರು. ತಲೆಯ ಭಾರವನ್ನು ನಡುವಿನಿಂದ ತೆಗೆದು ಎರಡು ತುದಿಗೆ ಸರಿಸಿದ್ದೇ ಅದರ ಹೊಸತನ. ಹೆಗಲ ಮೇಲಿನ ಅಡ್ಡೆಯ ಎರಡೂ ತುದಿಗೆ ತುಂಬಿದ ಕೊಡ ನೇತುಹಾಕಿಕೊಂಡು ನಡೆಯುವವರು ಥಟ್ಟನೆ ಪಕ್ಕಕ್ಕೆ ತಿರುಗಲಾರರು. ಅದೇ ಕೊಡಗಳನ್ನು ಎದೆಗೆ ಅವಚಿಕೊಂಡರೆ ಸುಲಭವಾಗಿ ತಿರುಗಬಲ್ಲರು. ಭಾರ ಅಷ್ಟೇ, ಅದು ಇರುವ ಜಾಗ ಬೇರೆ. ಸೋಲ್‌ಹೈಮ್ ಮುಂದೆ ಪಿಂಗ್ ಎಂಬ ಹೆಸರಿನಲ್ಲಿ ಇದೇ ತತ್ವವನ್ನು ಮಧ್ಯಮ ದೂರದ ಹೊಡೆತಕ್ಕೆ ಬಳಸುವ ಐರನ್ ಕ್ಲಬ್ಬುಗಳಿಗೂ ತಂದರು. ಇವತ್ತು ಹಿಂಬದಿ ಟೊಳ್ಳಾಗಿ, ಅಂಚು ದಪ್ಪವಾಗಿ ಕಾಣುವ ಐರನ್‌ಗಳೆಲ್ಲ ಈ ವಂಶದವು. ಡ್ರೈವರಿನ ತಲೆ 460 ಘನ ಸೆಂಟಿಮೀಟರಿನಷ್ಟು, ಅಂದರೆ ನಿಯಮ ಬಿಡುವಷ್ಟೂ, ಊದಿಕೊಂಡಿರುವುದಕ್ಕೂ ಇದೇ ಕಾರಣ.

ಇನ್ನು ಲಾಫ್ಟ್. ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನಕ್ಕೆ ಈ ಹೆಸರು. ಡ್ರೈವರಿನಲ್ಲಿ 9ರಿಂದ 14 ಡಿಗ್ರಿ, ಹತ್ತಿರದ ಹೊಡೆತಕ್ಕೆ ಬಳಸುವ ವೆಜ್‌ನಲ್ಲಿ 45 ಡಿಗ್ರಿ ಮತ್ತು ಅದಕ್ಕೂ ಮೇಲೆ. ಕಡಿಮೆ ಲಾಫ್ಟ್ ಇದ್ದರೆ ಚೆಂಡು ಕೆಳಮಟ್ಟದಲ್ಲಿ ನೇರವಾಗಿ ನುಗ್ಗಿ ದೂರ ಹೋಗುತ್ತದೆ ಎಂಬ ನಂಬಿಕೆ ಗಂಡಸರಲ್ಲಿ ಬಲವಾಗಿದೆ. ವೃತ್ತಿಪರರು 9 ಡಿಗ್ರಿಯ ಡ್ರೈವರ್ ಹಿಡಿಯುತ್ತಾರೆ, ನನಗೂ ಅದೇ ಇರಲಿ ಎಂಬ ಹಟ. ನಿಧಾನ ಬೀಸಿನವರ ದೂರವನ್ನು ಕದಿಯುವುದು ಈ ಹಟವೇ.

ಇದರ ಭೌತಶಾಸ್ತ್ರ ಹಳೆಯದು. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ 19ನೇ ಶತಮಾನದ ಕೊನೆಯಲ್ಲಿ ಗಾಲ್ಫ್ ಚೆಂಡು ಅಷ್ಟು ಹೊತ್ತು ಗಾಳಿಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದರ ಹಿಂದೆ ಬಿದ್ದರು. ಅವರ ಮಗ ಫ್ರೆಡ್ಡಿ 1896 ಮತ್ತು 1898ರ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ಟೇಟ್ ಚೆಂಡಿಗೆ ಉದ್ದನೆಯ ಪಟ್ಟಿ ಕಟ್ಟಿ ಹೊಡೆಸಿ, ಪಟ್ಟಿಗೆ ಬಿದ್ದ ಸುತ್ತುಗಳನ್ನು ಎಣಿಸಿ, ಚೆಂಡು ಹಿಮ್ಮುಖವಾಗಿ ತಿರುಗುತ್ತ ಸಾಗುತ್ತದೆ ಎಂದು ತೋರಿಸಿದರು. ಹಾಗೆ ತಿರುಗುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆತ್ತುತ್ತದೆ. ಈ ಎತ್ತುವ ಬಲ ತಿರುಗಿನೊಂದಿಗೂ ವೇಗದೊಂದಿಗೂ ಹೆಚ್ಚುತ್ತದೆ. ವೇಗ ಇದ್ದವರ ಚೆಂಡು 10 ಡಿಗ್ರಿಯಲ್ಲಿ ಹೊರಟರೂ ಗಾಳಿಯೇ ಅದನ್ನು ಎತ್ತಿ ಹಿಡಿಯುತ್ತದೆ. ವೇಗ ಕಡಿಮೆ ಇದ್ದವರ ಚೆಂಡಿಗೆ ಗಾಳಿಯಿಂದ ಅಷ್ಟು ಸಹಾಯ ಸಿಗದು. ಅದು ಮೊದಲೇ ಹೆಚ್ಚು ಮೇಲ್ಮುಖವಾಗಿ ಹೊರಡಬೇಕು. ಅಮೆರಿಕದ ವೃತ್ತಿಪರ ಪುರುಷರ ಕ್ಲಬ್ ವೇಗ ಗಂಟೆಗೆ 180 ಕಿಲೋಮೀಟರಿಗೂ ಮೇಲೆ, ಅವರ ಚೆಂಡು ಹೊರಡುವುದು ಸರಾಸರಿ 11 ಡಿಗ್ರಿಯ ಹತ್ತಿರ. ವೃತ್ತಿಪರ ಮಹಿಳೆಯರ ವೇಗ 150ರ ಸುಮಾರು, ಅವರ ಚೆಂಡು ಹೊರಡುವುದು 13 ಡಿಗ್ರಿಯಲ್ಲಿ. ಅವರಿಗಿಂತಲೂ ನಿಧಾನವಾಗಿ ಬೀಸುವ ನೀವು 9 ಡಿಗ್ರಿಯ ಡ್ರೈವರ್ ಹಿಡಿದರೆ ಚೆಂಡು ಏಳುವ ಮೊದಲೇ ಬೀಳುತ್ತದೆ. 12 ಅಥವಾ 13 ಡಿಗ್ರಿಯದನ್ನು ಹಿಡಿದು ನೋಡಿ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಮುಖ ಎರಡು ಡಿಗ್ರಿ ಓರೆಯಾಗಿ ತಾಗಿತು ಎನ್ನಿ. ಲಾಫ್ಟ್ ಹೆಚ್ಚಿದ್ದರೆ ಹಿಮ್ಮುಖ ತಿರುಗು ಬಲವಾಗಿರುವುದರಿಂದ ತಿರುಗಿನ ಅಕ್ಷ ಪಕ್ಕಕ್ಕೆ ವಾಲುವುದು ಕಡಿಮೆ, ಚೆಂಡು ಬಾಗುವುದೂ ಕಡಿಮೆ. ಒಂಬತ್ತನೇ ಐರನ್ ನೇರ ಹೋಗಿ ಡ್ರೈವರ್ ಮಾತ್ರ ಪಕ್ಕದ ಮರಗಳತ್ತ ಸಾಗುವುದು ಹೊಸಬರ ಮಾಮೂಲಿ ಅಳಲು. ಬೀಸು ಎರಡರಲ್ಲೂ ಒಂದೇ ಇದ್ದರೂ ಹೀಗಾಗುತ್ತದೆ.

ದೂರ ಹೊಡೆಯದವರಿಗೆ ಆಟವಿಲ್ಲ ಎಂದುಕೊಂಡವರು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಡ್ರೈವರ್ ಹೊಡೆತದ ದೂರದಲ್ಲಿ ಅವರು ಪಟ್ಟಿಯ ತಳದಲ್ಲಿದ್ದರು. ಆದರೂ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಹತ್ತಿರದ ಹೊಡೆತ ಮತ್ತು ಪಟಿಂಗ್ ಅವರನ್ನು ಅಲ್ಲಿಗೆ ಒಯ್ದವು. ಆ ನಾಲ್ಕು ದಿನ ಬೆಳಗಿನ ಜಾವ ಎದ್ದು ಕೂತು ನೋಡಿದ ಕನ್ನಡಿಗರಿಗೆ ಈ ಪಾಠವನ್ನು ಬೇರೆ ಹೇಳಬೇಕಿಲ್ಲ.

ಸಾಮಾನ್ಯವಾಗಿ ಯಾರೂ ಕೇಳದ, ಆದರೆ ನನ್ನ ಅಭಿಪ್ರಾಯದಲ್ಲಿ ಐರನ್ ಕೊಳ್ಳುವಾಗ ಮೊದಲು ಕೇಳಬೇಕಾದ ಅಳತೆ ಲೈ ಕೋನ. ಕ್ಲಬ್ಬಿನ ತಳ ನೆಲಕ್ಕೆ ಸಮವಾಗಿ ಕೂತಾಗ ಶಾಫ್ಟ್, ಅಂದರೆ ಕ್ಲಬ್ಬಿನ ಕೋಲು, ನೆಲದೊಂದಿಗೆ ಮಾಡುವ ಕೋನ ಇದು. ನಿಮ್ಮ ಕೈ ನಿಲ್ಲುವ ಎತ್ತರಕ್ಕೆ ಇದು ಹೊಂದದಿದ್ದರೆ ತಳದ ಒಂದು ತುದಿ ಮೇಲೆದ್ದಿರುತ್ತದೆ. ಮುಖ ಹಿಂದಕ್ಕೆ ವಾಲಿರುವುದರಿಂದ, ತುದಿ ಎದ್ದ ಕೂಡಲೇ ಅದು ಪಕ್ಕಕ್ಕೂ ನೋಡತೊಡಗುತ್ತದೆ. ವಾಲಿಕೆ ಹೆಚ್ಚಿದ್ದಷ್ಟೂ ಈ ತಪ್ಪು ಹೆಚ್ಚು. ಡ್ರೈವರಿನಲ್ಲಿ ಲೈ ಎರಡು ಡಿಗ್ರಿ ತಪ್ಪಿದರೆ ದಿಕ್ಕು ತಪ್ಪುವುದು ಡಿಗ್ರಿಯ ಮೂರನೇ ಒಂದು ಪಾಲು. 46 ಡಿಗ್ರಿಯ ವೆಜ್‌ನಲ್ಲಿ ಪೂರ್ತಿ ಎರಡು ಡಿಗ್ರಿ. ನೂರು ಮೀಟರಿಗೆ ಮೂರೂವರೆ ಮೀಟರ್ ಪಕ್ಕಕ್ಕೆ! ಆಟಗಾರ ತನ್ನ ಬೀಸನ್ನೇ ಶಂಕಿಸಿ ವರ್ಷಗಟ್ಟಲೆ ಅದನ್ನು ತಿದ್ದುತ್ತ, ಇನ್ನೊಂದು ಹೊಸ ತಪ್ಪನ್ನು ಕಲಿತುಕೊಳ್ಳುತ್ತಾನೆ.

ಇದಕ್ಕೂ ಖರ್ಚಿಲ್ಲದ ಪರೀಕ್ಷೆ ಇದೆ. ಚೆಂಡಿನ ಮೇಲೆ ಮಾರ್ಕರಿನಿಂದ ಒಂದು ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಕಡೆಗೆ ಮುಖ ಮಾಡುವಂತೆ ಇಟ್ಟು ಹೊಡೆಯಿರಿ. ಗೆರೆಯ ಅಚ್ಚು ಕ್ಲಬ್ಬಿನ ಮುಖಕ್ಕೆ ಅಂಟುತ್ತದೆ. ಅಲ್ಲಿರುವ ಅಡ್ಡ ಗೀರುಗಳಿಗೆ ಅದು ಲಂಬವಾಗಿದ್ದರೆ ಲೈ ಸರಿ, ವಾಲಿದ್ದರೆ ಬದಲಾಯಿಸಬೇಕು. ಅನೇಕ ಐರನ್‌ಗಳನ್ನು ಯಂತ್ರಕ್ಕೆ ಸಿಕ್ಕಿಸಿ ಒಂದೆರಡು ಡಿಗ್ರಿ ಬಗ್ಗಿಸಿಕೊಡುತ್ತಾರೆ. ಗಂಡನ ಹಳೆಯ ಕ್ಲಬ್ಬುಗಳಲ್ಲಿ ಆಟ ಶುರುಮಾಡುವ ಹೆಂಗಸರು, ಅಣ್ಣನ ಕ್ಲಬ್ಬನ್ನು ತುದಿ ಕತ್ತರಿಸಿ ಹಿಡಿಯುವ ಮಕ್ಕಳು ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಉದ್ದದ ವಿಷಯದಲ್ಲೂ ಎತ್ತರವನ್ನಷ್ಟೇ ನೋಡಬಾರದು. ಎತ್ತರದವರಿಗೆ ಕೈಯೂ ಉದ್ದ ಇರಬಹುದು, ಆದ್ದರಿಂದ ತಿಳಿದವರು ಅಳೆಯುವುದು ಮಣಿಕಟ್ಟಿನಿಂದ ನೆಲಕ್ಕಿರುವ ದೂರವನ್ನು.

ಶಾಫ್ಟಿನ ಬಗ್ಗೆ ಜಾಹೀರಾತುಗಳು ಹೇಳುವಷ್ಟು ನಾನು ಹೇಳಲಾರೆ. 1968ರಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಪ್ರಕಟಿಸಿದ ಸಂಶೋಧನೆಯಲ್ಲಿ ಒಂದು ಸೊಗಸಾದ ಪ್ರಯೋಗ ಇದೆ. ತಲೆಗೆ ತುಸು ಮೇಲೆ ಶಾಫ್ಟಿನಲ್ಲಿ ಕೀಲು ಕೂರಿಸಿದ ಡ್ರೈವರಿನಿಂದಲೂ ಚೆಂಡು ಚೆನ್ನಾಗಿಯೇ ದೂರ ಹೋಯಿತು. ತಾಗುವ ಆ ಅರೆ ಮಿಲಿಸೆಕೆಂಡಿನಲ್ಲಿ ತಲೆ ಒಂಟಿಯಾಗಿಯೇ ಕೆಲಸ ಮಾಡುತ್ತದೆ. ಶಾಫ್ಟಿನ ಕೆಲಸವೆಲ್ಲ ಅದಕ್ಕೆ ಮುಂಚಿನದು: ತಲೆಯನ್ನು ಸರಿಯಾದ ಹೊತ್ತಿಗೆ, ಸರಿಯಾದ ಓರೆಯಲ್ಲಿ ಚೆಂಡಿನ ಹತ್ತಿರ ತರುವುದು. ಅಲ್ಲಿ ಬಿಗಿತಕ್ಕಿಂತ ತೂಕ ಮುಖ್ಯ ಎಂದು ನನಗನ್ನಿಸುತ್ತದೆ. ಉಕ್ಕಿನ ಶಾಫ್ಟ್ ನೂರು ಗ್ರಾಂ ದಾಟಿದರೆ, ಗ್ರಾಫೈಟಿನದು ಅದರ ಅರ್ಧಕ್ಕೂ ಇಳಿಯಬಲ್ಲದು. ಹದಿನೆಂಟು ಹೋಲ್ ಮುಗಿಸುವಾಗ ಸೋತ ತೋಳಿಗೆ ವ್ಯತ್ಯಾಸ ತಿಳಿಯುತ್ತದೆ. ಶಾಫ್ಟಿನ ಮೇಲೆ ಬರೆದಿರುವ ಆರ್, ಎಸ್ ಮುಂತಾದ ಬಿಗಿತದ ಅಕ್ಷರಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾದ ಒಂದೇ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್ ಆಗಿರಬಹುದು. ಅಕ್ಷರ ಬಿಟ್ಟು ಹೊಡೆದೇ ನೋಡಬೇಕು.

ಹೊಡೆದು ನೋಡಲು ಈಗ ಒಳ್ಳೆಯ ಸಾಧನಗಳಿವೆ. ಡೆನ್ಮಾರ್ಕಿನ ಟ್ರ್ಯಾಕ್‌ಮನ್‌ನಂಥ ಯಂತ್ರಗಳು ರೇಡಾರ್ ಅಲೆಗಳನ್ನು ಬಿಟ್ಟು, ಓಡುವ ಚೆಂಡಿಗೆ ತಾಗಿ ಮರಳುವ ಅಲೆಯ ಆವರ್ತನ ಎಷ್ಟು ಬದಲಾಯಿತು ಎಂಬುದರಿಂದ ವೇಗ ಕಂಡುಹಿಡಿಯುತ್ತವೆ. ಪೊಲೀಸರ ರೇಡಾರ್ ಗನ್ ವಾಹನದ ವೇಗ ಹಿಡಿಯುವುದೂ ಇದೇ ಡಾಪ್ಲರ್ ಪರಿಣಾಮದಿಂದ. ಪರದೆಯ ಮೇಲೆ ಕಾಣುವ ಅತಿ ದೂರದ ಒಂದು ಹೊಡೆತಕ್ಕೆ ಮರುಳಾಗಬೇಡಿ. ಒಂದೇ ಕ್ಲಬ್ಬಿನ ಹತ್ತು ಹೊಡೆತಗಳು ಎಷ್ಟು ಅಗಲದಲ್ಲಿ ಹರಡಿವೆ ನೋಡಿ, ಹರವು ಕಿರಿದಾದ ಕ್ಲಬ್ ಆರಿಸಿ. ಪಕ್ಕಪಕ್ಕದ ಎರಡು ಐರನ್‌ಗಳು ಒಂದೇ ದೂರಕ್ಕೆ ಬೀಳುತ್ತಿದ್ದರೆ, ನಿಧಾನ ಬೀಸಿನವರ ಉದ್ದ ಐರನ್‌ಗಳಲ್ಲಿ ಇದು ಸಾಮಾನ್ಯ, ಅವುಗಳಲ್ಲಿ ಒಂದು ದಂಡ. ಚೀಲದಲ್ಲಿ 14 ಕ್ಲಬ್ಬಿಗಿಂತ ಹೆಚ್ಚು ಒಯ್ಯುವಂತಿಲ್ಲ. ಆ ಜಾಗಕ್ಕೆ ಹೈಬ್ರಿಡ್, ಅಂದರೆ ಐರನ್ ಮತ್ತು ಡ್ರೈವರಿನ ನಡುವಣ ಆಕಾರದ ಕ್ಲಬ್, ಬಂದರೆ ಚೆಂಡು ಸುಲಭವಾಗಿ ಏಳುತ್ತದೆ.

ಅಳತೆ ಎಲ್ಲಿ ಮಾಡಿಸಿದಿರಿ ಎಂಬುದೂ ಲೆಕ್ಕಕ್ಕಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ನೂರಕ್ಕೆ ಎಂಟರಷ್ಟು ತೆಳು. ಗಾಳಿಯ ತಡೆ ಕಡಿಮೆಯಾಗಿ ಚೆಂಡು ಇಲ್ಲಿ ಕೆಲವು ಮೀಟರ್ ಹೆಚ್ಚು ಹೋಗುತ್ತದೆ. ಬೆಂಗಳೂರಿನಲ್ಲಿ ಅಳೆಸಿಕೊಂಡು ಮಂಗಳೂರಿನ ಪಿಲಿಕುಳದಲ್ಲಿ ಆಡುವವರು ಒಂದು ಕ್ಲಬ್ ದೊಡ್ಡದು ಹಿಡಿಯಬೇಕಾದೀತು.

ಚೆಂಡಿನ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಿಯಮಕ್ಕೆ ಒಳಪಟ್ಟ ಚೆಂಡುಗಳೆಲ್ಲ ವೇಗದಲ್ಲಿ ಒಂದೇ ಮಿತಿಯೊಳಗಿನವು. ವ್ಯತ್ಯಾಸ ಎದ್ದು ಕಾಣುವುದು ವೆಜ್ ಹೊಡೆತದ ತಿರುಗಿನಲ್ಲಿ. ದುಡ್ಡು ಮತ್ತು ಸಮಯ ಪಟರಿಗೆ ಹೋಗಲಿ. ಪಾರ್ 72ರ, ಅಂದರೆ ಹದಿನೆಂಟು ಹೋಲಿಗೆ 72 ಹೊಡೆತ ನಿಗದಿಯಾದ, ಅಂಗಣದಲ್ಲಿ ಪ್ರತಿ ಹೋಲಿಗೆ ಎರಡು ಪಟ್ ಎಂದೇ ಲೆಕ್ಕ, ಅಂದರೆ ಅರ್ಧ ಹೊಡೆತಗಳು ಅದರವೇ. ಅಂಗಡಿಯಲ್ಲಿ ಸಿಗುವ ಪಟರುಗಳಲ್ಲಿ 34, 35 ಇಂಚಿನವೇ ಹೆಚ್ಚು. ಸಹಜವಾಗಿ ಬಾಗಿ, ಕೈಗಳನ್ನು ಹೆಗಲಿನಿಂದ ಸಡಿಲವಾಗಿ ಇಳಿಬಿಟ್ಟು ನಿಂತಾಗ ಹಿಡಿ ಬೆರಳಿಗೆ ತಾನಾಗಿ ಸಿಗಬೇಕು. ಕಿರಿದಾದದ್ದು ಬೇಕೆಂದರೆ ಉದ್ದದ್ದನ್ನು ಕತ್ತರಿಸಿಕೊಡುತ್ತಾರೆ, ಆದರೆ ಕತ್ತರಿಸಿದಾಗ ತಲೆ ಹಗುರವೆನಿಸುತ್ತದೆ. ತಲೆಗೆ ಭಾರ ಸೇರಿಸಲು ಬರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ.